ಟೈಮ್ ಕಳೆದುಹೋಗತ್ತಾ ಅಂತ ಯಾರೂ ಕೇಳಲಿಲ್ಲ

ಮಾನಸಿಕ ರೋಗದ ಓಪಿಡಿಗೆ ಮನೆಯವರನ್ನ ಯಾರನ್ನಾದ್ರೂ ಕರ್ಕೊಂಡು ಹೋಗಿದ್ರೆ ನಿಮಗೆ ಗೊತ್ತಿರತ್ತೆ, ಅಲ್ಲಿ ಕೇಳೋ ಪ್ರಶ್ನೆಗಳು ಎಲ್ಲಾ ಕಡೆ ಹೆಚ್ಚೂಕಮ್ಮಿ ಅವೇ. ನಿದ್ದೆ ಬರತ್ತಾ, ಊಟ ಸೇರತ್ತಾ, ಕಿವೀಲಿ ಯಾರೋ ಮಾತಾಡಿದ ಹಾಗೆ ಕೇಳತ್ತಾ, ಯಾರ ಮೇಲಾದ್ರೂ ಅನುಮಾನ ಇದೆಯಾ, ಸಾಯ್ಬೇಕು ಅನ್ಸತ್ತಾ, ಮನೇಲಿ ಬೇರೆ ಯಾರಿಗಾದ್ರೂ ಈ ಥರ ಇತ್ತಾ. ಎಲ್ಲಾ ಕೇಳ್ಳೇಬೇಕಾದ ಪ್ರಶ್ನೆಗಳೇ. ಆದ್ರೆ "ಮಧ್ಯೆ ಮಧ್ಯೆ ಏನಾಯ್ತು ಅಂತ ಗೊತ್ತೇ ಆಗದೆ ಟೈಮ್ ಕಳೆದುಹೋಗತ್ತಾ", "ನಿನ್ನ ಕೈ ನಿಂದಲ್ಲ ಅನ್ಸತ್ತಾ", "ನೀನು ತಗೊಂಡ ನೆನಪೇ ಇಲ್ಲದ ವಸ್ತು ನಿನ್ನ ಬ್ಯಾಗಲ್ಲಿ ಸಿಗತ್ತಾ" ಅಂತ ಒಬ್ಬರು ಕೇಳಿದ್ದನ್ನ ನಾನು ನೋಡಿದ್ದು ತುಂಬಾ ತಡವಾಗಿ, ಅಷ್ಟೊತ್ತಿಗೆ ನನ್ನ ತಂಗಿ ಫೈಲು ದಾರ ಕಟ್ಟಿ ಹಿಡ್ಕೊಳ್ಳೋ ಅಷ್ಟು ದಪ್ಪ ಆಗಿತ್ತು.

ತಂಗಿ ಅಂದ್ರೆ ಚಿಕ್ಕಪ್ಪನ ಮಗಳು, ಆದ್ರೆ ಬೆಳೆದಿದ್ದೆಲ್ಲ ಒಂದೇ ಮನೇಲಿ. ಈ ಬರಹನ ಅವಳು ಓದಿ, ಎರಡು ಕಡೆ ತೆಗೆಸಿ, ಆಮೇಲೆ ಹಾಕು ಅಕ್ಕ ಅಂದಿದಾಳೆ. ಹೆಸರು ಊರು ಯಾವುದೂ ಬರೀತಿಲ್ಲ. ನಾನು ಡಾಕ್ಟರ್ ಅಲ್ಲ, ಅವಳ ಜೊತೆ ಆಸ್ಪತ್ರೆ ಬೆಂಚಿನ ಮೇಲೆ ಕೂತು ಕೂತು, ಆಮೇಲೆ ರಾತ್ರಿ ಎಲ್ಲಾ ಓದಿ ತಿಳ್ಕೊಂಡಿರೋದನ್ನ ಬರೀತಿದೀನಿ, ಯಾಕಂದ್ರೆ ಇದೇ ದಾರೀಲಿ ಸುತ್ತುತಾ ಇರೋ ಮನೆಗಳು ನಮ್ಮ ಜಿಲ್ಲೆಗಳಲ್ಲಿ ತುಂಬಾ ಇವೆ ಅನ್ನೋದು ನನಗೆ ಈಗ ಖಾತ್ರಿ.

ಮೇಲೆ ಹೇಳಿದ ಆ ತಡವಾಗಿ ಬಂದ ಪ್ರಶ್ನೆಗಳು ಹುಡುಕೋದು ಡಿಸೋಸಿಯೇಶನ್ ಅನ್ನೋದನ್ನ. ಅದು ಏನು ಅಂತ ಸರಳವಾಗಿ ಹೇಳ್ಬೇಕಂದ್ರೆ, ನೆನಪು, ಭಾವನೆ, ಮೈಮೇಲಿನ ಹಿಡಿತ, ನಾನು ಅನ್ನೋ ಅರಿವು, ಇವೆಲ್ಲ ಸಾಮಾನ್ಯವಾಗಿ ಒಟ್ಟಿಗೆ ಓಡ್ತವೆ, ತಡ್ಕೊಳ್ಳೋಕಾಗದ ಏಟು ಬಿದ್ದಾಗ, ಅದೂ ಚಿಕ್ಕ ವಯಸ್ಸಲ್ಲಿ ಮೇಲಿಂದ ಮೇಲೆ ಬಿದ್ದಾಗ, ಇವು ಒಂದರಿಂದ ಒಂದು ಕಳಚಿಕೊಳ್ತವೆ. ಕೆಲವರಿಗೆ ನೆನಪು ಹೋಗತ್ತೆ. ಕೆಲವರಿಗೆ ಕೈಕಾಲು ಬಿದ್ದುಹೋಗತ್ತೆ ಅಥವಾ ಫಿಟ್ಸ್ ಥರ ಬರತ್ತೆ, ಎಂಆರ್‌ಐ ಇಇಜಿ ಎಲ್ಲಾ ನಾರ್ಮಲ್. ಕೆಲವರಿಗೆ ತಾನು ತನ್ನ ಹೊರಗೆ ನಿಂತು ತನ್ನನ್ನೇ ನೋಡ್ತಿರೋ ಹಾಗೆ, ಸುತ್ತ ಇರೋದ್ಯಾವ್ದೂ ನಿಜ ಅಲ್ಲ ಅನ್ನೋ ಹಾಗೆ. ಇನ್ನು ಕೆಲವರಿಗೆ ಒಳಗೆ ಒಬ್ಬರಿಗಿಂತ ಹೆಚ್ಚು ಜನ ಇದ್ದ ಹಾಗೆ, ಒಂದೊಂದು ಹೊತ್ತಲ್ಲಿ ಒಬ್ಬೊಬ್ಬರು ಮುಂದೆ ಬಂದು ನಡೆಸೋ ಹಾಗೆ, ಇದನ್ನೇ ಡಿಐಡಿ ಅಂತಾರೆ, ಮೊದಲು ಮಲ್ಟಿಪಲ್ ಪರ್ಸನಾಲಿಟಿ ಅಂತಿದ್ರು. ಸಿನಿಮಾಗಳಲ್ಲಿ ತೋರಿಸೋ ಹಾಗೆ ಕಣ್ಣು ಕೆಂಪಗೆ ಮಾಡ್ಕೊಂಡು ದನಿ ಬದಲಾಯಿಸಿ ಎದ್ದು ನಿಲ್ಲೋದು ಬಹಳ ಅಪರೂಪ. ಹೆಚ್ಚಿನವರು ಅದನ್ನ ಮುಚ್ಚಿಟ್ಟುಕೊಂಡೇ ಬದುಕ್ತಿರ್ತಾರೆ, ತಮಗೇ ಗೊತ್ತಿಲ್ಲದೆ ಮುಚ್ಚಿಟ್ಟಿರೋರೂ ಇರ್ತಾರೆ.

ಅವಳಿಗೆ ಮೊದಲು ಕಾಣಿಸ್ಕೊಂಡಿದ್ದು ಹಾಸ್ಟೆಲ್‌ನಲ್ಲಿ. ಸಂಜೆ ಬಟ್ಟೆ ಒಗೀತಾ ಇದ್ದೋಳು ಬಿದ್ದು ಕೈಕಾಲು ಬಡೀತಿದಾಳೆ ಅಂತ ಫೋನ್ ಬಂತು. ನರ್ಸಿಂಗ್ ಹೋಮಿನೋರು ಸ್ಕ್ಯಾನ್ ಮಾಡ್ಸಿ, ಏನೂ ಸಿಗ್ಲಿಲ್ಲ ಅಂದ್ರೂ ಫಿಟ್ಸ್ ಮಾತ್ರೆ ಶುರು ಮಾಡಿದ್ರು. ಮಾತ್ರೆ ತಗೊಂಡ್ರೂ ಬಂತು, ಡೋಸ್ ಜಾಸ್ತಿ ಮಾಡಿದ್ರು, ಆಗ್ಲೂ ಬಂತು, ಎರಡನೇ ಮಾತ್ರೆ ಸೇರಿಸಿದ್ರು, ಅವಳು ಕ್ಲಾಸಲ್ಲಿ ಕೂತಲ್ಲೇ ತೂಗಡಿಸೋ ಹಾಗಾಯ್ತು. ಮನೇಲಿ ಬಂದಾಗ ನಾನೇ ಪಕ್ಕ ಕೂತು ನೋಡಿದೀನಿ. ಕಣ್ಣು ಬಿಗಿಯಾಗಿ ಮುಚ್ಚಿರ್ತಿತ್ತು, ಯಾರಾದ್ರೂ ರೆಪ್ಪೆ ಬಿಡಿಸೋಕೆ ಹೋದ್ರೆ ಇನ್ನೂ ಬಿಗಿ. ತಲೆ ಆ ಕಡೆ ಈ ಕಡೆ ಹೊರಳ್ತಿತ್ತು. ನಿಂತ ಹಾಗೆ ಆಗಿ ಮತ್ತೆ ಶುರು ಆಗ್ತಿತ್ತು, ಇಪ್ಪತ್ತು ನಿಮಿಷ, ಅರ್ಧ ಗಂಟೆ. ಆಮೇಲೆ ಕಣ್ಣಲ್ಲಿ ನೀರು. ಇವೆಲ್ಲ ಅಪಸ್ಮಾರದಲ್ಲಿ ಸಾಮಾನ್ಯವಾಗಿ ಇರಲ್ಲ, ಅದರಲ್ಲಿ ಕಣ್ಣು ಹೆಚ್ಚಾಗಿ ತೆರೆದೇ ಇರತ್ತೆ, ಹೆಚ್ಚಿನ ಸಲ ಒಂದೆರಡು ನಿಮಿಷದಲ್ಲಿ ನಿಲ್ಲತ್ತೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಒಂದೇ ಲಕ್ಷಣ ಇಟ್ಕೊಂಡು ಯಾರೂ ತೀರ್ಮಾನ ಮಾಡೋ ಹಾಗಿಲ್ಲ, ಎರಡೂ ಖಾಯಿಲೆ ಒಟ್ಟಿಗೆ ಇರೋರೂ ಇದಾರೆ, ಅದಕ್ಕೇ ವಿಡಿಯೋ ಇಇಜಿ ಅಂತ ಇರೋದು, ತಲೆಗೆ ವಯರ್ ಹಚ್ಚಿ ಕ್ಯಾಮೆರಾ ಮುಂದೆ ಮಲಗಿಸಿ ಅಟ್ಯಾಕ್ ಬರೋ ಹೊತ್ತಲ್ಲೇ ಮೆದುಳಿನ ಅಲೆ ನೋಡ್ತಾರೆ. ಆ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಿ ಇಲ್ಲ, ಹೆಚ್ಚಿನ ಜಿಲ್ಲಾಸ್ಪತ್ರೆಗಳಲ್ಲೂ ಸಿಗಲ್ಲ. ಇದು ನಮ್ಮ ಕಡೆ ಮಾತ್ರ ಅಂತಲೂ ಅಲ್ಲ, ಜರ್ಮನಿಯಿಂದ 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಇಂಥ ಅಟ್ಯಾಕ್ ಶುರು ಆದಾಗಿನಿಂದ ಸರಿಯಾದ ಹೆಸರು ಸಿಗೋಕೆ ಸರಾಸರಿ 7 ವರ್ಷಕ್ಕಿಂತ ಹೆಚ್ಚು ಹಿಡಿದಿತ್ತು, ಅಷ್ಟೂ ದಿನ ಬಹಳಷ್ಟು ಜನ ಬೇಡದ ಫಿಟ್ಸ್ ಮಾತ್ರೆ ನುಂಗಿದ್ರು.

ಮಧ್ಯದಲ್ಲಿ ಊರಲ್ಲಿ ನಡೀಬೇಕಾದ್ದೆಲ್ಲ ನಡೀತು. ಗಾಳಿ ಸೋಕಿದೆ ಅಂದ್ರು, ತಾಯತ ಕಟ್ಟಿಸಿದ್ರು, ಅಮಾವಾಸ್ಯೆ ದಿನ ಒಂದು ಕಡೆ ಕರ್ಕೊಂಡು ಹೋದ್ರು. ನಾನು ಇದನ್ನ ಬೈಯೋಕೆ ಬರೀತಿಲ್ಲ. ಕಲಬುರಗಿ ಕಡೆ ಗಾಣಗಾಪುರದ ದತ್ತನ ದೇವಸ್ಥಾನದಲ್ಲಿ ಮಧ್ಯಾಹ್ನದ ಮಹಾಮಂಗಳಾರತಿ ಹೊತ್ತಲ್ಲಿ ನೋಡಿದೋರಿಗೆ ಗೊತ್ತು, ಅಲ್ಲಿ ಎಷ್ಟು ಜನ ಹೆಣ್ಮಕ್ಕಳು ಕಿರುಚಿ ಹೊರಳಾಡಿ, ಆಮೇಲೆ ಸುಧಾರಿಸ್ಕೊಂಡು ಎದ್ದು ಕೂತು ಸೆರಗು ಸರಿ ಮಾಡ್ಕೋತಾರೆ ಅಂತ. ಮನೇಲಿ ಬಾಯಿ ಬಿಡೋಕೆ ಆಗದ ಹೆಂಗಸಿಗೆ ಕಿರುಚೋಕೆ ಒಂದು ಜಾಗ ಸಿಗತ್ತೆ, ಅವಳ ಮಾತನ್ನ ಅವತ್ತೊಂದಿನ ಎಲ್ಲರೂ ಕೇಳ್ತಾರೆ. ದೈವದ ದರ್ಶನ ಬರೋ ಪಾತ್ರಿಯನ್ನ ರೋಗಿ ಅನ್ನೋಕಾಗಲ್ಲ, ಡಬ್ಲ್ಯೂಎಚ್‌ಒದ ಹೊಸ ಪಟ್ಟಿ ಐಸಿಡಿ-11 ಕೂಡ ಅದನ್ನೇ ಹೇಳತ್ತೆ, ಆಯಾ ಸಮಾಜ ಒಪ್ಪಿಕೊಂಡ ಆಚರಣೆಯ ಭಾಗವಾಗಿ ಬಂದ್ರೆ ಅದು ಖಾಯಿಲೆ ಅಲ್ಲ, ಬೇಡ ಅಂದ್ರೂ ಬಂದು ಮನುಷ್ಯನನ್ನ ಸುಸ್ತು ಮಾಡಿ ಬದುಕನ್ನೇ ಕೆಡಿಸಿದ್ರೆ ಮಾತ್ರ ಖಾಯಿಲೆ. ನಮ್ಮ ಹುಡುಗಿಗೆ ಬರ್ತಿದ್ದದ್ದು ಎರಡನೇ ಥರದ್ದು.

ಆಮೇಲೆ ಸೈಕಿಯಾಟ್ರಿಸ್ಟ್ ಹತ್ರ ಹೋದ್ವಿ. ಅಲ್ಲಿ "ಕಿವೀಲಿ ಮಾತು ಕೇಳತ್ತೇನಮ್ಮ" ಅಂದ್ರು, ಇವಳು ಹೌದು ಅಂದ್ಳು. "ಇಬ್ಬರು ಮಾತಾಡ್ಕೊಳ್ಳೋ ಹಾಗಾ?" ಹೌದು. "ನಿನ್ನ ಬಗ್ಗೆನಾ?" ಹೌದು. "ನೀನು ಬೇಡ ಅಂದ್ರೂ ಕೈ ತಾನಾಗೇ ಏನಾದ್ರೂ ಮಾಡತ್ತಾ?" ಅದಕ್ಕೂ ಹೌದು. ಚೀಟೀಲಿ ಸ್ಕಿಜೋಫ್ರೇನಿಯಾ ಅಂತ ಬರೆದ್ರು. ಆ ಡಾಕ್ಟರ್ ಅಸಡ್ಡೆ ಮಾಡಿದ್ರು ಅಂತ ನಾನು ಹೇಳಲ್ಲ, ಪುಸ್ತಕದಲ್ಲಿ ಇರೋ ಹಾಗೇ ಕೇಳಿದ್ರು. ಕರ್ಟ್ ಸ್ನೈಡರ್ ಅನ್ನೋ ಜರ್ಮನಿಯ ಮನೋವೈದ್ಯರು ಪಟ್ಟಿ ಮಾಡಿದ ಫಸ್ಟ್ ರ‍್ಯಾಂಕ್ ಲಕ್ಷಣಗಳು ಅಂತ ಇವೆ, ಮೆಡಿಕಲ್ ಓದೋರೆಲ್ಲ ಕಂಠಪಾಠ ಮಾಡೋ ಪಟ್ಟಿ ಅದು, ಇವು ಕಂಡ್ರೆ ಸ್ಕಿಜೋಫ್ರೇನಿಯಾ ಅಂತ ಯೋಚ್ನೆ ಮಾಡು ಅಂತ. ತೊಂದರೆ ಏನಂದ್ರೆ ರಿಚರ್ಡ್ ಕ್ಲಫ್ಟ್ ಅನ್ನೋ ಅಮೆರಿಕದ ಡಾಕ್ಟರು 1987ರಲ್ಲೇ ಬರೆದಿದಾರೆ, ಅವರು ನೋಡಿದ 30 ಜನ ಡಿಐಡಿ ರೋಗಿಗಳಲ್ಲಿ ಒಬ್ಬೊಬ್ಬರಲ್ಲೂ ಈ ಲಕ್ಷಣಗಳಲ್ಲಿ ಸರಾಸರಿ ಮೂರೂವರೆಗಿಂತ ಹೆಚ್ಚು ಇದ್ವು. ಅಂದ್ರೆ ಈ ಪ್ರಶ್ನೆಗಳಿಂದ ಎರಡನ್ನ ಬೇರೆ ಮಾಡೋಕೇ ಆಗಲ್ಲ. ಬೇರೆ ಮಾಡ್ಬೇಕಂದ್ರೆ ಮುಂದಿನ ಪ್ರಶ್ನೆ ಕೇಳ್ಬೇಕು: ಆ ದನಿ ಎಷ್ಟನೇ ವಯಸ್ಸಿಂದ ಇದೆ, ಅದರಲ್ಲಿ ಚಿಕ್ಕ ಮಗು ದನಿ ಇದೆಯಾ, ಅದಕ್ಕೆ ವಯಸ್ಸು ಹೆಸರು ಇದೆಯಾ, ನೀನು ಮಾತಾಡ್ಸಿದ್ರೆ ಉತ್ರ ಕೊಡತ್ತಾ, ಅದು ಮಾತಾಡಿದ ಮೇಲೆ ಮುಂದಿನ ಒಂದು ಗಂಟೆ ನಿನಗೆ ನೆನಪಿರತ್ತಾ. ಇವಳಿಗೆ ಆರೇಳು ವರ್ಷದ ಹುಡುಗಿಯಾಗಿದ್ದಾಗಿಂದ ಕೇಳ್ತಿತ್ತು. ಇದನ್ನ ಅವಳು ಹೇಳಿರಲಿಲ್ಲ, ಎಲ್ಲರಿಗೂ ಹಾಗೇ ಕೇಳತ್ತೆ ಅನ್ಕೊಂಡಿದ್ಳು.

ಮಾತ್ರೆಯಿಂದ ಮೈ ದಪ್ಪ ಆಯ್ತು, ಬೆಳಿಗ್ಗೆ ದಿಂಬು ಜೊಲ್ಲಲ್ಲಿ ನೆನೆದಿರ್ತಿತ್ತು, ಮುಟ್ಟು ನಿಂತು ಹೋಯ್ತು, ಚಿಕ್ಕಮ್ಮ ಅದಕ್ಕೆ ಬೇರೆ ಡಾಕ್ಟರ್ ಹತ್ರ ತೋರಿಸೋಕೆ ಓಡಾಡಿದ್ರು. ದನಿ ಮಾತ್ರ ಹಾಗೇ ಇತ್ತು. ಮಾತ್ರೆ ಕೆಲಸ ಮಾಡ್ತಿಲ್ಲ ಅಂದ್ರೆ ಖಾಯಿಲೆ ಜೋರಾಗಿದೆ ಅಂತ ಓದ್ಕೊಂಡ್ರು, ಹೆಸರೇ ತಪ್ಪಿರಬಹುದಾ ಅಂತ ಯಾರೂ ಹಿಂದೆ ತಿರುಗಿ ನೋಡ್ಲಿಲ್ಲ. ಫೈಲಲ್ಲಿ ಒಂದ್ಸಲ ಒಂದು ಹೆಸರು ಕೂತ್ರೆ ಮುಂದಿನ ಡಾಕ್ಟರ್ ಅಲ್ಲಿಂದಲೇ ಶುರು ಮಾಡ್ತಾರೆ, ಅವರ ಮುಂದೆ ಇನ್ನೂ ನಲವತ್ತು ಜನ ಕ್ಯೂ ನಿಂತಿರ್ತಾರೆ.

ಕೊನೆಗೆ ಕೇಳಿದ್ದು ಒಂದು ದೊಡ್ಡಾಸ್ಪತ್ರೆಯಲ್ಲಿ, ಆಗಷ್ಟೇ ಟ್ರೈನಿಂಗ್‌ಗೆ ಬಂದಿದ್ದ ಒಬ್ಬ ಹುಡುಗಿ, ಕ್ಲಿನಿಕಲ್ ಸೈಕಾಲಜಿ ಓದ್ತಿದ್ಳು. ಮೊದಲು ನಮ್ಮನ್ನೆಲ್ಲ ಆಚೆ ಕಳಿಸಿದ್ಳು. ಚಿಕ್ಕಪ್ಪ "ಅವಳಿಗೆ ಹೇಳೋಕೆ ಬರಲ್ಲ ಮೇಡಂ, ನಾನೇ ಹೇಳ್ತೀನಿ" ಅಂದ್ರೂ "ಇರಲಿ ಸರ್, ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ" ಅಂತ ಬಾಗಿಲು ಹಾಕೊಂಡ್ಳು. ಒಂದೂವರೆ ಗಂಟೆ ಆದ್ಮೇಲೆ ತಂಗಿ ಆಚೆ ಬಂದು, "ಅಕ್ಕ, ಬ್ಯಾಗಲ್ಲಿ ಬಳೆ ಸಿಕ್ಕಿತ್ತಲ್ಲ, ಅದನ್ನ ಕೇಳಿದ್ರು" ಅಂದ್ಳು. ಬಳೆ ವಿಷಯ ನನಗೆ ಗೊತ್ತಿತ್ತು. ಇವಳು ಬಳೆ ಹಾಕೋಳೇ ಅಲ್ಲ, ಕೈ ಕಟ್ಟಿದ ಹಾಗಾಗತ್ತೆ ಅಂತ ಹಬ್ಬಕ್ಕೂ ಹಾಕಲ್ಲ. ಒಂದಿನ ಕಾಲೇಜು ಬ್ಯಾಗಲ್ಲಿ ಪೇಪರ್ ಸುತ್ತಿದ ಒಂದು ಡಜನ್ ಹಸಿರು ಗಾಜಿನ ಬಳೆ, ಅದೂ ಚಿಕ್ಕ ಮಕ್ಕಳ ಸೈಜು. ಪರ್ಸಲ್ಲಿದ್ದ ದುಡ್ಡು ಕಮ್ಮಿ ಆಗಿತ್ತು, ಕೊಂಡಿದ್ದು ಮಾತ್ರ ನೆನಪಿಲ್ಲ. ಅವತ್ತು ಮನೇಲಿ ಯಾರೋ ಮಾಟ ಮಾಡ್ಸಿದಾರೆ ಅಂತ ಅದನ್ನ ಹೊಳೆಗೆ ಹಾಕಿ ಬಂದಿದ್ರು. ಹಾಗೇ ನೋಟ್ಸ್ ಪುಸ್ತಕದ ಹಿಂದಿನ ಹಾಳೆಗಳು: ಅವಳದು ಒತ್ತಿ ಬರೆಯೋ ಸಣ್ಣ ಅಕ್ಷರ, ಅಲ್ಲಿ ಇದ್ದದ್ದು ಎರಡು ಗೆರೆ ತುಂಬೋ ದೊಡ್ಡ ದುಂಡಕ್ಷರ, ದೀರ್ಘ ಒತ್ತು ಎಲ್ಲಾ ತಪ್ಪು, ಎರಡನೇ ಕ್ಲಾಸಿನ ಮಗು ಬರೆದ ಹಾಗೆ. ಈ ಎಲ್ಲಾ ಸಾಕ್ಷಿ ವರ್ಷಗಟ್ಟಲೆ ಮನೇಲೇ ಇತ್ತು, ಯಾವ ಕೇಸ್ ಶೀಟಲ್ಲೂ ಇರಲಿಲ್ಲ.

ಆ ಹುಡುಗಿ ಇಟ್ಕೊಂಡಿದ್ದ ಪ್ರಶ್ನೆ ಹಾಳೆ ಹೊಸದೇನಲ್ಲ. ಈವ್ ಬರ್ನ್‌ಸ್ಟೈನ್ ಮತ್ತು ಫ್ರಾಂಕ್ ಪಟ್ನಮ್ 1986ರಲ್ಲಿ ಮಾಡಿದ ಡಿಇಎಸ್ ಅನ್ನೋ ಸ್ಕೇಲು, ಒಟ್ಟು 28 ಪ್ರಶ್ನೆ, ಹತ್ತು ನಿಮಿಷದ ಕೆಲಸ. ಬಸ್ಸಲ್ಲಿ ಹೋಗ್ತಾ ಅರ್ಧ ದಾರಿ ಹೇಗೆ ಬಂದೆ ಅಂತ ಗೊತ್ತಾಗದೆ ಇರೋದರಿಂದ ಶುರು ಆಗತ್ತೆ, ಅದು ಎಲ್ಲರಿಗೂ ಆಗೋದೇ. ಆಮೇಲೆ ಗೊತ್ತಿಲ್ಲದ ಜಾಗದಲ್ಲಿ ಹೇಗೆ ಬಂದೆ ಅಂತ ತಿಳೀದೆ ನಿಂತಿರೋದು, ಹಾಕ್ಕೊಂಡ ನೆನಪಿಲ್ಲದ ಬಟ್ಟೆ ಮೈಮೇಲಿರೋದು, ಕನ್ನಡೀಲಿ ತನ್ನ ಮುಖ ಗುರುತು ಸಿಗದೆ ಇರೋದು. ಸ್ಕೋರು 30 ದಾಟಿದ್ರೆ ಇನ್ನೂ ವಿವರವಾಗಿ ಕೂತು ನೋಡಿ ಅಂತ ಅರ್ಥ, ಅದೇ ಡಯಾಗ್ನೋಸಿಸ್ ಅಲ್ಲ.

ಇದು ಅಪರೂಪದ ಖಾಯಿಲೆ, ಅದಕ್ಕೇ ಕೇಳಲ್ಲ ಅಂತ ಹೇಳೋರಿದಾರೆ. ಅದಕ್ಕೆ ನಾನು ಒಂದು ಲೆಕ್ಕ ಮುಂದಿಡ್ತೀನಿ. ನ್ಯೂಯಾರ್ಕಿನ ಒಂದು ಸೈಕಿಯಾಟ್ರಿ ಓಪಿಡಿಗೆ ಬರ್ತಿದ್ದ 82 ಜನರನ್ನ ಕೂರಿಸಿ ಡಿಸೋಸಿಯೇಶನ್ ಬಗ್ಗೆನೇ ವಿವರವಾಗಿ ಕೇಳಿದ್ರು, ಬ್ರಾಡ್ ಫೂಟ್ ಮತ್ತು ಜೊತೆಯವರು, 2006ರಲ್ಲಿ ಪ್ರಕಟ ಆಯ್ತು. 24 ಜನಕ್ಕೆ ಯಾವುದಾದ್ರೂ ಒಂದು ಡಿಸೋಸಿಯೇಟಿವ್ ಖಾಯಿಲೆ ಇತ್ತು. ಆ ಮೊದಲು ಫೈಲಲ್ಲಿ ಹಾಗಂತ ಬರೆದಿದ್ದು ಬರೀ 4 ಜನಕ್ಕೆ. ಬೇರೆ ಯಾವುದೋ ದ್ವೀಪದಿಂದ ಹುಡುಕಿ ತಂದೋರಲ್ಲ ಇವರು, ಅದೇ ಓಪಿಡಿಗೆ ತಿಂಗಳು ತಿಂಗಳು ಬಂದು ಮಾತ್ರೆ ಬರೆಸ್ಕೊಂಡು ಹೋಗ್ತಿದ್ದೋರು. ಪಟ್ನಮ್ 1986ರಲ್ಲಿ 100 ಡಿಐಡಿ ಕೇಸುಗಳನ್ನ ನೋಡಿದಾಗ, ಮೊದಲ ಸಲ ಚಿಕಿತ್ಸೆಗೆ ಬಂದಲ್ಲಿಂದ ಸರಿಯಾದ ಹೆಸರು ಸಿಗೋಕೆ ಸರಾಸರಿ 6.8 ವರ್ಷ ಹಿಡಿದಿತ್ತು, ಅಷ್ಟರಲ್ಲಿ ಡಿಪ್ರೆಶನ್, ಸ್ಕಿಜೋಫ್ರೇನಿಯಾ, ಅಪಸ್ಮಾರ ಅಂತ ಬೇರೆ ಬೇರೆ ಹೆಸರು ಬಂದು ಹೋಗಿದ್ವು.

ನಮ್ಮಲ್ಲಿ? ನಿಮ್ಹಾನ್ಸ್‌ನೋರು 1999ರಿಂದ 2008ರವರೆಗಿನ ತಮ್ಮದೇ ದಾಖಲೆ ನೋಡಿ 2010ರಲ್ಲಿ ಬರೆದ ಒಂದು ಲೇಖನ ಇದೆ. ಹೊರರೋಗಿಗಳಲ್ಲಿ ಸಾವಿರಕ್ಕೆ ಒಂದೂವರೆಯಿಂದ ಹದಿನೈದು ಜನಕ್ಕೆ ಡಿಸೋಸಿಯೇಟಿವ್ ಅಂತ ಬರೆದಿದ್ರು, ವರ್ಷದಿಂದ ವರ್ಷಕ್ಕೆ ಅಷ್ಟು ಹೆಚ್ಚುಕಮ್ಮಿ. ಅದರಲ್ಲೂ ಹೆಚ್ಚಿನವು ಕೈಕಾಲು ಬಿದ್ದುಹೋಗೋ ಥರದವು, ಆಮೇಲೆ ಫಿಟ್ಸ್ ಥರದವು. ಅಂದ್ರೆ ಮೈಮೇಲೆ ಕಾಣಿಸೋ ಲಕ್ಷಣ ನಮ್ಮ ಡಾಕ್ಟರುಗಳ ಕಣ್ಣಿಗೆ ಬೀಳತ್ತೆ, ಅದನ್ನ ಗುರುತಿಸೋದ್ರಲ್ಲಿ ಅವರು ನಿಜವಾಗ್ಲೂ ಪಳಗಿದೋರು. ಒಳಗೇ ನಡೆಯೋದು, ನೆನಪಿನ ತೂತು, ಒಳಗಿನ ದನಿ, ನಾನು ನಾನಲ್ಲ ಅನ್ನೋದು, ಇವು ಕೇಳದೆ ಆಚೆ ಬರಲ್ಲ. ಇನ್ನೊಂದು ಸಂಗತಿ ನನಗೆ ತುಂಬಾ ಕಾಡತ್ತೆ. 2015-16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೀತು, ಅದಕ್ಕೂ ಮುಂಚೆ ಪ್ರಯೋಗಕ್ಕೆ ಅಂತ ಮಾಡಿದ್ದು ನಮ್ಮ ಕೋಲಾರದಲ್ಲೇ. ಅದಕ್ಕೆ ಬಳಸಿದ ಸಂದರ್ಶನ ಎಂಐಎನ್‌ಐ ಅನ್ನೋದು. ಡಿಪ್ರೆಶನ್‌ಗೆ, ಪ್ಯಾನಿಕ್‌ಗೆ, ಕುಡಿತಕ್ಕೆ, ಸೈಕೋಸಿಸ್‌ಗೆ ಅದರಲ್ಲಿ ಒಂದೊಂದು ಭಾಗ ಇದೆ. ಡಿಸೋಸಿಯೇಶನ್‌ಗೆ ಇಲ್ಲ. ಅಷ್ಟು ದೊಡ್ಡ ಸಮೀಕ್ಷೆ, ಅಷ್ಟು ಜನ ಮನೆಮನೆಗೆ ಹೋಗಿ ಗಂಟೆಗಟ್ಟಲೆ ಕೂತು ಕೇಳಿದ್ರೂ ನನ್ನ ತಂಗಿಯಂಥವಳು ಅದರಲ್ಲಿ ಡಿಪ್ರೆಶನ್ನೋ ಸೈಕೋಸಿಸ್ಸೋ ಆಗಿ ಎಣಿಕೆ ಆಗ್ತಾಳೆ, ಇಲ್ಲಾ ಎಣಿಕೆನೇ ಆಗಲ್ಲ. ಆಮೇಲೆ ಆ ಲೆಕ್ಕ ನೋಡ್ಕೊಂಡೇ ಟ್ರೈನಿಂಗ್ ಯಾವುದಕ್ಕೆ, ದುಡ್ಡು ಯಾವುದಕ್ಕೆ ಅಂತ ನಿರ್ಧಾರ ಆಗತ್ತೆ.

ಮನೋವೈದ್ಯರಿಗೆ ಈ ಖಾಯಿಲೆ ಮೇಲೆ ಒಂದು ಹಳೇ ಅನುಮಾನ ಇದೆ, ಅದು ಎಲ್ಲಿಂದ ಬಂತು ಅಂತಲೂ ಹೇಳ್ಬೇಕು. ಫ್ರಾನ್ಸಿನ ಪಿಯೇರ್ ಜಾನೆ 1889ರಲ್ಲೇ ಇದರ ಬಗ್ಗೆ ದೊಡ್ಡ ಗ್ರಂಥ ಬರೆದಿದ್ರು, ಲ ಹಾವ್ರ್ ಅನ್ನೋ ಊರಿನ ಆಸ್ಪತ್ರೆಯಲ್ಲಿ ರೋಗಿಗಳನ್ನ ಕೂತು ನೋಡಿ. ಆಮೇಲೆ 1911ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಅವರ ಸ್ಕಿಜೋಫ್ರೇನಿಯಾ ಪುಸ್ತಕ ಬಂತು, ಫ್ರಾಯ್ಡ್ ದಾರಿ ಬೇರೆ ಆಯ್ತು, ಜಾನೆಯನ್ನ ಎಲ್ಲರೂ ಮರೆತ್ರು. 1980ರಲ್ಲಿ ಅಮೆರಿಕದ ಮನೋವೈದ್ಯರ ಖಾಯಿಲೆ ಪಟ್ಟಿ ಡಿಎಸ್ಎಮ್-3ಕ್ಕೆ ಮತ್ತೆ ಬಂದ ಮೇಲೆ ಅಮೆರಿಕದಲ್ಲಿ ಇನ್ನೊಂದು ಅತಿರೇಕ ಶುರು ಆಯ್ತು, ಕೆಲವು ಥೆರಪಿಸ್ಟುಗಳು ಹಿಪ್ನಾಟಿಸಂ ಮಾಡಿ ನಿನಗೆ ಹೀಗಾಗಿರಬೇಕು ಹಾಗಾಗಿರಬೇಕು ಅಂತ ಇಲ್ಲದ ನೆನಪನ್ನ ತುಂಬಿಸಿದ್ರು, ಸೈತಾನನ ಪೂಜೆ ಮಾಡೋ ಗುಂಪುಗಳು ಮಕ್ಕಳನ್ನ ಹಿಂಸಿಸಿದ್ವು ಅಂತ ಕೇಸುಗಳಾದ್ವು, ಮನೆಗಳು ಒಡೆದ್ವು, ಥೆರಪಿಸ್ಟುಗಳ ಮೇಲೇ ಕೋರ್ಟಲ್ಲಿ ದಾವೆ ಬಿದ್ವು. ಅಲ್ಲಿ ತಪ್ಪು ನಡೆದಿದ್ದು ನಿಜ, ಅದರಿಂದ ಜನ ನೊಂದಿದ್ದೂ ನಿಜ. ಆದ್ರೆ ಅದರ ಫಲ ಏನಾಯ್ತು ಅಂದ್ರೆ ಪ್ರಪಂಚದ ಬಹಳಷ್ಟು ಮನೋವೈದ್ಯರು ಈ ವಿಷಯ ಬಂದ್ರೇ ಕೈ ಹಿಂದೆ ಸರಿಸೋ ಹಾಗಾಯ್ತು. ನೆನಪನ್ನ ಬಾಯಿಗೆ ತುರುಕೋದು ಬೇರೆ, ಟೈಮ್ ಕಳೆದುಹೋಗತ್ತಾ ಅಂತ ಕೇಳಿ ಸುಮ್ನೆ ಕಾಯೋದು ಬೇರೆ. ಮೊದಲನೆಯದಕ್ಕೆ ಹೆದರಿ ಎರಡನೆಯದನ್ನೂ ಬಿಟ್ಟಿದ್ದು ರೋಗಿಗಳಿಗೆ ಮಾಡಿದ ಅನ್ಯಾಯ.

ನಾಟಕ ಅನ್ನೋ ಮಾತು ಇದೆಯಲ್ಲ, ಅದರಷ್ಟು ನೋವು ಕೊಟ್ಟಿದ್ದು ಇನ್ಯಾವುದೂ ಇಲ್ಲ. ಒಂದು ಕ್ಯಾಶುವಾಲ್ಟಿಯಲ್ಲಿ ಅವಳ ಎದೆ ಮೂಳೆ ಮೇಲೆ ಗಂಟು ಮುಷ್ಟಿ ಒತ್ತಿ ಉಜ್ಜಿದ್ರು, ಮೂಗಿಗೆ ಅಮೋನಿಯಾ ಹಿಡಿದ್ರು, ಎದ್ದೇಳ್ಳಿಲ್ಲ ಅಂತ ಸಿಸ್ಟರ್ ಒಬ್ರು "ಮದುವೆ ಮಾಡಿ, ಎಲ್ಲಾ ಸರಿಹೋಗತ್ತೆ" ಅಂದ್ರು. ಎಚ್ಚರ ಆದ್ಮೇಲೆ ಇವಳು ಎದೆ ಮುಟ್ಟಿ ನೋಡ್ಕೊಂಡು ಇದು ಯಾಕೆ ಉರೀತಿದೆ ಅಂತ ನನ್ನ ಕೇಳಿದ್ಳು. ಡಿಸೋಸಿಯೇಶನ್ ಬೇಕು ಅಂತ ಮಾಡೋದಲ್ಲ. ಸಿಮೋನ್ ರೈಂಡರ್ಸ್ ಮತ್ತು ಜೊತೆಯವರು 2012ರಲ್ಲಿ ಡಿಐಡಿ ಇರೋರನ್ನೂ, ಅದೇ ಥರ ನಟಿಸೋಕೆ ಹೇಳಿಕೊಟ್ಟ ಆರೋಗ್ಯವಂತರನ್ನೂ ಸ್ಕ್ಯಾನರ್ ಒಳಗೆ ಮಲಗಿಸಿ ಹೋಲಿಸಿದ್ರು, ಮೆದುಳಿನ ರಕ್ತದ ಓಟ, ಎದೆಬಡಿತ, ಬಿಪಿ ಎರಡು ಗುಂಪಲ್ಲೂ ಒಂದೇ ಥರ ಇರಲಿಲ್ಲ.

ಇನ್ನು ನಮ್ಮ ಕಡೆಯದೇ ಆದ ಒಂದು ಅಡ್ಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇದನ್ನ ಸರಿ ಮಾಡೋಕೆ ದುಡ್ಡು ಬೇಡ. ನಮ್ಮ ಓಪಿಡಿಗಳಲ್ಲಿ ರೋಗಿ ಒಬ್ಬರೇ ಇರೋದೇ ಇಲ್ಲ. ಅಪ್ಪ, ಅಮ್ಮ, ಮಾವ, ಗಂಡ, ಅತ್ತೆ ಯಾರಾದ್ರೂ ಪಕ್ಕದ ಸ್ಟೂಲ್ ಮೇಲೆ ಕೂತೇ ಇರ್ತಾರೆ, ಡಾಕ್ಟರೂ ಅವರ ಕಡೆ ತಿರುಗಿಯೇ "ಏನಾಗ್ತಿದೆ" ಅಂತ ಕೇಳ್ತಾರೆ. ಜ್ವರಕ್ಕೆ ಅದು ಸರಿ. ಆದ್ರೆ ಡಿಸೋಸಿಯೇಶನ್‌ಗೆ ಬಹಳಷ್ಟು ಸಲ ಬೇರು ಇರೋದು ಬಾಲ್ಯದ ಹಿಂಸೆಯಲ್ಲಿ, ಲೈಂಗಿಕ ದೌರ್ಜನ್ಯದಲ್ಲಿ, ಅದನ್ನ ಮಾಡಿದವರು ಹೆಚ್ಚಾಗಿ ಗೊತ್ತಿರೋರೇ, ಮನೆಗೆ ಬಂದು ಹೋಗೋರೇ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ 13 ರಾಜ್ಯಗಳ ಮಕ್ಕಳನ್ನ ಕೇಳಿ ಮಾಡಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ರು. ಹಾಗಿದ್ದಾಗ ಮನೆಯವರ ಮುಂದೆ ಕೂರಿಸಿ "ಚಿಕ್ಕೋಳಿದ್ದಾಗ ಏನಾದ್ರೂ ಆಗಿತ್ತೇನಮ್ಮ" ಅಂತ ಕೇಳಿದ್ರೆ ಯಾವ ಹುಡುಗಿ ಹೌದು ಅಂತಾಳೆ? ಇಲ್ಲ ಅಂತಾಳೆ, ಕೇಸ್ ಶೀಟಲ್ಲಿ ಇಲ್ಲ ಅಂತ ಬರೀತಾರೆ, ಅದು ಮುಂದಿನ ಹತ್ತು ವರ್ಷ ಇಲ್ಲವಾಗೇ ಇರತ್ತೆ. ನನ್ನ ತಂಗಿ ವಿಷಯದಲ್ಲಿ ಏನಿತ್ತು ಅನ್ನೋದು ಅವಳ ಸ್ವಂತದ್ದು, ಇಲ್ಲಿ ಬರೆಯಲ್ಲ. ಬಾಗಿಲು ಹಾಕಿದ ಮೇಲೇ ಅವಳು ಬಾಯಿ ಬಿಟ್ಟಳು, ಅಷ್ಟು ಮಾತ್ರ ಹೇಳ್ತೀನಿ. ಡಿಸೋಸಿಯೇಶನ್ ಇರೋ ಎಲ್ಲರಿಗೂ ಇಂಥದ್ದೇ ಆಗಿರಬೇಕು ಅಂತಿಲ್ಲ, ದಯವಿಟ್ಟು ಯಾರೂ ಮನೇಲಿ ಕೂತು ಕೆದಕೋಕೆ ಹೋಗ್ಬೇಡಿ.

ಐಟಿ ಕಡೆ ಕೆಲಸ ಮಾಡೋ ಗೆಳೆಯರು ಇಬ್ಬರು ಮೂವರು ಇದನ್ನೆಲ್ಲ ಕೇಳಿ "ನಂಗೂ ಎಲ್ಲಾ ನಿಜ ಅಲ್ಲ ಅನ್ಸತ್ತೆ, ಕೈ ರೋಬೋ ಕೈ ಥರ ಕಾಣತ್ತೆ" ಅಂದಿದಾರೆ. ಅದಕ್ಕೆ ಡಿಪರ್ಸನಲೈಸೇಶನ್ ಅಂತಾರೆ. ನಿದ್ದೆಗೆಟ್ಟಾಗ, ಗಾಬರಿಯಾದಾಗ ಎಲ್ಲರಿಗೂ ಒಂದ್ ಕ್ಷಣ ಬಂದು ಹೋಗತ್ತೆ, ತಿಂಗಳುಗಟ್ಟಲೆ ಬಿಡದೇ ಇದ್ರೆ ಖಾಯಿಲೆ, ಬೇರೆ ದೇಶಗಳ ಸಮೀಕ್ಷೆಗಳ ಪ್ರಕಾರ ನೂರರಲ್ಲಿ ಒಬ್ಬರಿಗಾದ್ರೂ ಇರತ್ತೆ. ಕೆಲವರಿಗೆ ಗಾಂಜಾ ಸೇದಿದ ಮೇಲೆ ಶುರು ಆಗತ್ತೆ. ಹುಚ್ಚು ಹಿಡೀತಿದೆ ಅಂತ ಹೆದರಿ ಹೇಳಲ್ಲ, ಹೇಳಿದ್ರೂ ಬರೀ ಆಂಗ್ಸೈಟಿ ಅಂತ ಬರೆಸ್ಕೊಂಡು ಬರ್ತಾರೆ.

ಈಗ ಅವಳು ಹೇಗಿದಾಳೆ ಅಂತ ಕೇಳ್ತೀರಿ. ಫಿಟ್ಸ್ ಮಾತ್ರೆನ ಡಾಕ್ಟರೇ ನಿಧಾನಕ್ಕೆ ಇಳಿಸಿ ನಿಲ್ಲಿಸಿದ್ರು, ಸ್ಕಿಜೋಫ್ರೇನಿಯಾಗೆ ಕೊಟ್ಟಿದ್ದನ್ನೂ ಹಾಗೇ ಇಳಿಸಿದ್ರು, ಡಿಪ್ರೆಶನ್‌ಗೆ ಒಂದು ಮಾತ್ರೆ ಇದೆ. ಡಿಸೋಸಿಯೇಶನ್‌ಗೆ ಅಂತಲೇ ಮಾತ್ರೆ ಇಲ್ಲ, ಮಾತಿನ ಚಿಕಿತ್ಸೆನೇ ಮುಖ್ಯ. ಅದರಲ್ಲೂ ಹಳೇದನ್ನ ಮೊದಲ ದಿನವೇ ಬಗೆಯಲ್ಲ. ಮೊದಲು ಇವತ್ತು ಈ ಕ್ಷಣದಲ್ಲಿ ನಿಲ್ಲೋದು, ಸುರಕ್ಷಿತವಾಗಿ ಇರೋದು ಕಲಿಸ್ತಾರೆ: ಪಾದ ನೆಲಕ್ಕೆ ಒತ್ತಿ ತಣ್ಣಗಿದೆಯಾ ಅಂತ ಗಮನಿಸೋದು, ರೂಮಲ್ಲಿ ಕಾಣೋ ಐದು ವಸ್ತು ಹೆಸರು ಹೇಳೋದು, ಇವತ್ತು ಯಾವ ವಾರ ಯಾವ ಇಸವಿ ಅಂತ ಜೋರಾಗಿ ಹೇಳ್ಕೊಳ್ಳೋದು. ಆಮೇಲೆ, ಮನಸ್ಸು ತಡ್ಕೊಳ್ಳೋ ಮಟ್ಟಕ್ಕೆ ಬಂದ ಮೇಲೆ ಹಳೇ ವಿಷಯ, ಅದೂ ಚೂರು ಚೂರೇ. ಅಟ್ಯಾಕು ಈಗ ತುಂಬಾ ಕಮ್ಮಿ. ಬಂದ್ರೆ ಮನೇಲಿ ಯಾರೂ ನೀರು ಎರಚಲ್ಲ, ಕೈಯಲ್ಲಿ ಕಬ್ಬಿಣ ಕೊಡಲ್ಲ, ಚಿಕ್ಕಮ್ಮ ಪಕ್ಕ ಕೂತು ಹೆಸರು ಕರೆದು "ನೀನು ಮನೇಲಿದೀಯ ಮಗಳೇ, ನಾನಿದೀನಿ" ಅಂತಿರ್ತಾರೆ. ಆ ಟ್ರೈನಿಂಗ್ ಹುಡುಗಿ ಕೋರ್ಸ್ ಮುಗಿಸಿ ಹೋದ್ಮೇಲೆ ಕನ್ನಡದಲ್ಲಿ ಈ ಚಿಕಿತ್ಸೆ ಕೊಡೋ ಇನ್ನೊಬ್ಬರನ್ನ ಹುಡುಕೋಕೆ ನಮಗೆ ಸಾಕುಸಾಕಾಯ್ತು, ಸಿಕ್ಕೋರು ಬೆಂಗಳೂರಲ್ಲಿ, ಒಂದು ಸೆಷನ್ ಫೀಸು ಚಿಕ್ಕಪ್ಪನ ವಾರದ ದುಡಿಮೆ. ತಿಂಗಳಿಗೊಂದು ಸಲ ಹೋಗ್ತಾಳೆ, ಉಳಿದದ್ದು ಫೋನಲ್ಲಿ.

ಇದನ್ನ ಓದಿ ನಮ್ಮ ಮನೆಯವರದೂ ಹೀಗೇ ಅನ್ಸಿದ್ರೆ, ಮಾತ್ರೆ ಯಾವುದನ್ನೂ ನೀವಾಗೇ ನಿಲ್ಲಿಸ್ಬೇಡಿ, ಫಿಟ್ಸ್ ಮಾತ್ರೆನಂತೂ ಏಕಾಏಕಿ ಬಿಟ್ರೆ ಜೀವಕ್ಕೇ ಅಪಾಯ. ಮುಂದಿನ ಸಲ ಹೋಗುವಾಗ ಅಟ್ಯಾಕ್ ಬಂದಾಗಿನ ಮೊಬೈಲ್ ವಿಡಿಯೋ ಇಟ್ಕೊಂಡಿರಿ, ಎದ್ದ ಮೇಲೆ ಅವರ ಒಪ್ಪಿಗೆ ಕೇಳಿಯೇ ತೋರಿಸಿ. ಯಾವತ್ತು ಎಷ್ಟು ಹೊತ್ತು ನೆನಪು ಹೋಗಿತ್ತು, ಎಲ್ಲಿ ಸಿಕ್ಕಿದ್ರು, ಬ್ಯಾಗಲ್ಲಿ ಏನಿತ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. "ಸ್ವಲ್ಪ ಹೊತ್ತು ಅವರೊಬ್ಬರ ಹತ್ರನೇ ಮಾತಾಡ್ತೀರಾ ಡಾಕ್ಟ್ರೇ" ಅಂತ ನೀವೇ ಕೇಳಿ, ಆಮೇಲೆ ಎದ್ದು ಆಚೆ ಬನ್ನಿ, ಬಾಗಿಲ ಹತ್ರ ನಿಲ್ಲಬೇಡಿ. ಡಿಸೋಸಿಯೇಶನ್ ಇರಬಹುದಾ, ಡಿಇಎಸ್ ಮಾಡ್ತೀರಾ ಅಂತ ಕೇಳೋದು ಡಾಕ್ಟರಿಗೆ ಎದುರು ಮಾತಾಡಿದ ಹಾಗಲ್ಲ. ಫೈಲು ಕೊಡಲ್ಲ ಅಂದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ತನ್ನ ದಾಖಲೆ ನೋಡೋ ಹಕ್ಕು ರೋಗಿಗೆ ಇದೆ, ಬರವಣಿಗೆಯಲ್ಲಿ ಕೇಳಿ. ಇನ್ನೊಂದು, ಈ ಖಾಯಿಲೆ ಇರೋರಲ್ಲಿ ಸಾಯೋಕೆ ಪ್ರಯತ್ನ ಮಾಡೋದು ಜಾಸ್ತಿ, ಮನೇಲಿ ಆ ಸೂಚನೆ ಕಂಡ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಕರ್ಕೊಂಡು ಹೋಗಿ. ರಾತ್ರಿ ಹೊತ್ತು ಏನು ಮಾಡ್ಬೇಕು ಅಂತ ತೋಚದೇ ಇದ್ರೆ ಟೆಲಿ ಮಾನಸ್ 14416, ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆ ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ.